ಕೆಂಪು ಚೀಟಿ ಕಿತ್ತ ಅನ್ನ

ದೂರು ಠಾಣೆಗೆ ಬಂದದ್ದು ಹನ್ನೆರಡನೇ ತಾರೀಖು, ಗುರುವಾರ, ಸಂಜೆ ೪.೧೦ಕ್ಕೆ. ತಂದವರು ಜಾಗತಿಕ ಹಸಿವು ಮತ್ತು ಆಹಾರ ಭದ್ರತೆಯ ಅಂತರರಾಷ್ಟ್ರೀಯ ಸಮ್ಮೇಳನದ ಕಾರ್ಯದರ್ಶಿ. ಕೊರಳಲ್ಲಿ ಮೂರು ಗುರುತಿನ ಚೀಟಿ, ಕೈಯಲ್ಲಿ ಎರಡು ಫೋನು, ಮುಖದಲ್ಲಿ ಹನಿ ರಕ್ತವಿಲ್ಲ.

ಸಮ್ಮೇಳನದ ಎರಡನೇ ದಿನದ ಮಧ್ಯಾಹ್ನದ ಊಟ ಮಾಡಿದವರಲ್ಲಿ ಮೂವತ್ತನಾಲ್ಕು ಪ್ರತಿನಿಧಿಗಳು ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದ್ದರು. ಅವರಲ್ಲಿ ಎಪ್ಪತ್ತೊಂದು ವರ್ಷದ ಅಜ್ಜಿ, ಮಣ್ಣಿನ ವಿಜ್ಞಾನಿಯೊಬ್ಬರು, ತೀವ್ರ ನಿಗಾ ಘಟಕದಲ್ಲಿದ್ದರು. ಹಸಿವಿನ ಬಗ್ಗೆ ಮಾತಾಡಲು ಸಮುದ್ರ ದಾಟಿ ಬಂದ ಜೀವ, ಉಂಡದ್ದಕ್ಕೆ ನೆಲ ಹಿಡಿದಿತ್ತು.

"ವಿಷ ಹಾಕಿದ್ದಾರೆ ಮೇಡಂ. ಮುಖ್ಯ ಅಡುಗೆಯವನ ಮೇಲೇ ನನಗೆ ಅನುಮಾನ."

"ಯಾಕೆ?" ಇನ್‌ಸ್ಪೆಕ್ಟರಮ್ಮ ಕೇಳಿದಳು.

"ಮೊನ್ನೆ ನನ್ನ ಜೊತೆ ಜಗಳ ಆಡಿದ."

"ಯಾವ ವಿಷಯಕ್ಕೆ?"

"ಕೆಲಸದ ವಿಷಯ." ಕಾರ್ಯದರ್ಶಿ ಫೋನಿನ ಕಡೆ ನೋಡಿದರು. "ನಾಳೆ ಐದು ಗಂಟೆಗೆ ಸಮಾರೋಪ. ಆಮೇಲೆ ಎಲ್ಲರೂ ವಿಮಾನ ಹತ್ತುತ್ತಾರೆ. ಅಷ್ಟರೊಳಗೆ ಅವನನ್ನ ಹಿಡೀಬೇಕು."

ಆಕೆ ಎಫ್‌ಐಆರ್ ಬರೆಸಿದಳು. ಆರೋಪಿಯ ಜಾಗದಲ್ಲಿ 'ಅಪರಿಚಿತ' ಎಂದೇ ಹಾಕಿಸಿದಳು. ಕಾರ್ಯದರ್ಶಿಗೆ ಅದು ಹಿಡಿಸಲಿಲ್ಲ. ಆದರೆ ಮೂವತ್ತು ವರ್ಷದ ನೌಕರಿಯಲ್ಲಿ ಆಕೆ ಒಂದು ಮಾತು ಕಂಡುಕೊಂಡಿದ್ದಳು. ಠಾಣೆಗೆ ಬರುವವರು ಬೆರಳನ್ನು ಮೊದಲು ತರುತ್ತಾರೆ, ತೋರಿಸಬೇಕಾದ ಮುಖವನ್ನು ಆಮೇಲೆ ಹುಡುಕುತ್ತಾರೆ.

ಸಂಜೆ ೫.೦೫ಕ್ಕೆ ಪಂಚರ ಸಮ್ಮುಖದಲ್ಲಿ ಸಮ್ಮೇಳನದ ಸಭಾಂಗಣದ ಅಡುಗೆಮನೆಯ ಪಂಚನಾಮೆ ಶುರುವಾಯಿತು. ಬರೆದುಕೊಂಡವನು ಹೆಡ್ ಕಾನ್‌ಸ್ಟೆಬಲ್. ಕೆಮ್ಮಿದರೂ ಹೊತ್ತು ಗುರುತು ಹಾಕಿಕೊಳ್ಳುವ ಅವನಿಗೆ ಠಾಣೆಯಲ್ಲಿ ಗಡಿಯಾರಣ್ಣ ಎಂದೇ ಹೆಸರು. ಊಟದ ತಟ್ಟೆಗಳಿಂದ ಉಳಿಕೆ ತೆಗೆದರು. ಪ್ರತಿ ಹೊತ್ತಿನ ಅಡುಗೆಯಲ್ಲೂ ಒಂದು ಹಿಡಿ ಎತ್ತಿಟ್ಟು ಮೊಹರು ಮಾಡುವ ಮಾದರಿ ಡಬ್ಬಿಗಳನ್ನೂ ತೆಗೆದರು. ಎರಡೂ ಪ್ರಯೋಗಾಲಯಕ್ಕೆ ಹೋದವು.

ಮರುದಿನ ಬೆಳಿಗ್ಗೆ ಎಂಟಕ್ಕೆ ಇನ್‌ಸ್ಪೆಕ್ಟರಮ್ಮ ಗಂಡ ಕಟ್ಟಿಕೊಟ್ಟ ಅನ್ನದ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಮನಸ್ಸಿನಲ್ಲೇ ದೇವರಿಗೆ ಕೈಮುಗಿದು ಕೂತಳು. ಮುಚ್ಚಳ ತೆರೆಯುವ ಮೊದಲೇ ಫೋನು ಬಂತು. ತಟ್ಟೆಯ ಅನ್ನದಲ್ಲಿ ನಂಜಿತ್ತು. ಬೇಯಿಸಿದ ಅನ್ನ ಬೆಚ್ಚಗಿನ ಜಾಗದಲ್ಲಿ ಹೊತ್ತುಗಟ್ಟಲೆ ಕೂತಾಗ ಹುಟ್ಟುವ ನಂಜು, ಮತ್ತೆ ಕುದಿಸಿದರೂ ಸಾಯದು. ಆದರೆ ಮಾದರಿ ಡಬ್ಬಿಯ ಅನ್ನ ಶುದ್ಧವಾಗಿತ್ತು.

"ಅಂದ್ರೆ ಎರಡು ಅನ್ನ ಇತ್ತು," ಎಂದಳು. ಡಬ್ಬಿ ಮೇಜಿನ ಮೇಲೇ ಉಳಿಯಿತು.

ಮುಖ್ಯ ಅಡುಗೆಯವನು ಎತ್ತರದ ಮನುಷ್ಯ. ಎರಡನೇ ಪ್ರಶ್ನೆಗೇ ಕೈ ಚೆಲ್ಲಿದ.

"ನಾನೇ ಮೇಡಂ. ಹಿಂದಿನ ದಿನದ ಅನ್ನ ಇತ್ತು. ಬಿಸಿ ಮಾಡಿ ಬಡಿಸಿದೆ."

"ಎಲ್ಲಿತ್ತು?"

"ಶೀತಲ ಕೋಣೇಲಿ. ಮೇಲಿನ ಹಲಗೆ."

"ಎಷ್ಟು ಡಬ್ಬ?"

"ಎರಡು."

"ಜಗಳ ಯಾಕೆ ಆಡಿದ್ರಿ?"

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಮೇಡಂ."

ತಪ್ಪು ಒಪ್ಪಿಕೊಳ್ಳುವವನ ಭಾರ ಇಳಿಯಬೇಕು. ಇವನ ಹೆಗಲು ಇನ್ನಷ್ಟು ಬಾಗಿತು. ಇನ್‌ಸ್ಪೆಕ್ಟರಮ್ಮನಿಗೆ ಆ ತಪ್ಪೊಪ್ಪಿಗೆಯ ಮೇಲೇ ಅನುಮಾನ ಹುಟ್ಟಿತು.

ಎರಡನೇ ಅಡುಗೆಯವನ ಮಾತು ಬೇರೆಯೇ ಇತ್ತು. "ಒಂದೂ ಇಪ್ಪತ್ತಕ್ಕೆ ಅನ್ನ ಮುಗೀತು ಮೇಡಂ. ಹಸಿವಿನ ಭಾಷಣ ಕೇಳಿ ಬಂದವರು ಏನ್ ಹಸಿವು ಅಂತೀರಾ! ಕೆಳಗಿನ ಹಲಗೇಲಿ ಒಂದು ಡಬ್ಬ ಇತ್ತು, ತೆಗೆದು ಬಿಸಿ ಮಾಡಿದೆ. ಮುಖ್ಯ ಅಡುಗೆಯವರು ಆಗ ಅಡುಗೆಮನೇಲೇ ಇರಲಿಲ್ಲ."

"ಹಳೇದು ಅಂತ ಗೊತ್ತಾಗಲಿಲ್ವಾ?"

"ಕೆಂಪು ಚೀಟಿ ಇರಲಿಲ್ವಲ್ಲ."

ಆಗ ಅಲ್ಲಿನ ಪದ್ಧತಿ ತಿಳಿಯಿತು. ಊಟ ಮುಗಿದ ಮೇಲೆ ಉಳಿದ ಡಬ್ಬಗಳಿಗೆಲ್ಲ ಕೆಂಪು ಚೀಟಿ ಅಂಟಿಸುತ್ತಾರೆ. ಕೆಂಪು ಚೀಟಿ ಬಿದ್ದ ಅನ್ನದ ಮೇಲೆ ಅರ್ಧ ಲೀಟರ್ ಫಿನಾಯಿಲ್ ಸುರಿದು ತೊಟ್ಟಿಗೆ ಹಾಕಬೇಕು. ಹೊರಗಿನವರು ಯಾರಾದರೂ ಎತ್ತಿ ತಿಂದು ಕಾಯಿಲೆ ಬಿದ್ದರೆ ಸಭಾಂಗಣಕ್ಕೆ ಕೆಟ್ಟ ಹೆಸರು ಎಂದು ನಾಲ್ಕು ತಿಂಗಳ ಹಿಂದೆ ಬಂದ ನಿಯಮ ಅದು. ಚೀಟಿ ಇಲ್ಲದ ಡಬ್ಬವೆಂದರೆ ಬಡಿಸುವ ಡಬ್ಬ.

"ಫಿನಾಯಿಲ್ ಹಾಕೋದು ಯಾರು?"

"ದೊಡ್ಡಮ್ಮ. ಪಾತ್ರೆ ತೊಳೆಯೋ ವಿಭಾಗ."

"ಯಾರ ದೊಡ್ಡಮ್ಮ?"

"ನಮಗೆಲ್ಲ ದೊಡ್ಡಮ್ಮನೇ. ಆದ್ರೆ ಮುಖ್ಯ ಅಡುಗೆಯವರಿಗೆ ಸ್ವಂತ. ಅವರ ತಾಯಿಯ ಅಕ್ಕ, ಸಾಕಿದವರು."

ಗಡಿಯಾರಣ್ಣ ಹಿತ್ತಲಿನ ತೊಟ್ಟಿಯೊಳಗೆ ತಲೆ ತೂರಿಸಿ ಹೊರಗೆ ಬಂದ. "ಮೇಡಂ, ಹನ್ನೊಂದೂ ನಲವತ್ತು. ಫಿನಾಯಿಲ್ ವಾಸನೆ ಇಲ್ಲವೇ ಇಲ್ಲ. ನಮ್ಮ ಠಾಣೆಯ ಕಕ್ಕಸಿನಲ್ಲಾದ್ರೂ ವಾರಕ್ಕೊಮ್ಮೆ ಬರುತ್ತೆ."

ಫಿನಾಯಿಲ್ ಕ್ಯಾನುಗಳ ಸೀಲು ಒಡೆದಿರಲಿಲ್ಲ. ನಾಶದ ಪುಸ್ತಕದಲ್ಲಿ ಮಾತ್ರ ದಿನದಿನವೂ ಅದೇ ಗುಂಡಗಿನ ಸಹಿ. ಖಾಲಿ ಮಾಡಿದ ಅನ್ನದ ಡಬ್ಬವನ್ನು ಮಗುಚಿ ನೋಡಿದರೆ, ಹಿಡಿಯ ಕೆಳಗೆ ಉಗುರಿನಷ್ಟು ಕೆಂಪು ಕಾಗದದ ಮೂಲೆ ಅಂಟಿಕೊಂಡಿತ್ತು.

ದೊಡ್ಡಮ್ಮ ಸಿಕ್ಕಿದ್ದು ಮೇಜುಬಟ್ಟೆ ಇಸ್ತ್ರಿ ಮಾಡುವ ಕೋಣೆಯಲ್ಲಿ. ಬಿಸಿ ಯಂತ್ರಗಳ ನಡುವೆ ಆ ಕೋಣೆ ಕಾವು ಕೂತ ಕೋಳಿಯ ಹೊಟ್ಟೆಯಷ್ಟು ಬೆಚ್ಚಗಿತ್ತು. ಅರವತ್ತು ದಾಟಿದ ಸಣ್ಣ ಹೆಂಗಸು. ಕೈಬೆರಳುಗಳು ನೀರಿನಲ್ಲಿ ನೆನೆದು ಬಿಳಿಚಿದ್ದವು.

"ಆ ಮಣ್ಣಿನ ಅಜ್ಜಿ ಹೇಗಿದಾರೆ?" ಮೊದಲು ಕೇಳಿದವಳು ಅವಳೇ.

"ಇನ್ನೂ ಹೇಳೋಕಾಗಲ್ಲ. ಈ ಬೀರು ತೆಗೀರಿ."

ಪಂಚರಾಗಿ ನಿಂತ ಕಾವಲುಗಾರ ಮತ್ತು ವಿದ್ಯುತ್ ಕೆಲಸದವನ ಎದುರು ಬೀರು ತೆರೆಯಿತು. ಬಾಗಿಲಿನ ಒಳಮೈಯಲ್ಲಿ ಕೆಂಪು ಚೀಟಿಗಳು ಸಾಲಾಗಿ, ಒಂದರ ಪಕ್ಕ ಒಂದು ಅಂಟಿದ್ದವು. ಗಡಿಯಾರಣ್ಣ ಎರಡು ಸಲ ಎಣಿಸಿದ. ನಲವತ್ತೊಂದು.

"ಬಿಸಾಡಿದ್ರೆ ಕಸದಲ್ಲಿ ಸಿಕ್ಕಿಬೀಳ್ತೀನಿ ಅಂತ ಇಲ್ಲಿ ಅಂಟಿಸಿದೆ," ಎಂದಳು ದೊಡ್ಡಮ್ಮ.

"ಅನ್ನ ಎಲ್ಲಿಗೆ ಹೋಗ್ತಿತ್ತು?"

"ಆಸ್ಪತ್ರೆ ಹಿಂದುಗಡೆ ಗೋಡೆ ಹತ್ರ ರೋಗಿಗಳ ಕಡೆಯವರು ಮಲಗಿರ್ತಾರಲ್ಲ, ಅವರಿಗೆ. ಶೀತಲ ಕೋಣೆಗೆ ಸಂಜೆ ಬೀಗ ಹಾಕ್ತಾರೆ, ಅದಕ್ಕೇ ಇಲ್ಲಿ ಇಡ್ತಿದ್ದೆ. ಬೆಳಿಗ್ಗೆ ಹೊತ್ತುಕೊಂಡು ಹೋಗ್ತಿದ್ದೆ."

"ಮೊನ್ನೆ ಬುಧವಾರದ್ದು?"

"ನಿನ್ನೆ ಬೆಳಿಗ್ಗೆ ದೊಡ್ಡ ಮನುಷ್ಯರು ಬರ್ತಾರೆ ಅಂತ ಬಾಗಿಲಲ್ಲಿ ಚೀಲ ಎಲ್ಲ ಬಿಚ್ಚಿಸ್ತಿದ್ರು. ಒಂದು ಡಬ್ಬ ದಾಟಿಸೋಕಾಗಲಿಲ್ಲ. ಸಂಜೆ ತಗೊಂಡು ಹೋಗೋಣ ಅಂತ ಶೀತಲ ಕೋಣೆಯ ಕೆಳಗಿನ ಹಲಗೇಲಿ ಇಟ್ಟೆ. ಬಡಿಸ್ತಾರೆ ಅಂತ ಕನಸಲ್ಲೂ ಅಂದ್ಕೊಳ್ಳಲಿಲ್ಲ ಮಗಳೇ. ಮುಚ್ಚಳ ತೆಗೆದು ಮೂಸಿಯೂ ನೋಡಿದ್ದೆ. ಹಳಸಿದ ವಾಸನೆ ಒಂಚೂರೂ ಇರಲಿಲ್ಲ."

ಬಾಗಿಲಲ್ಲಿ ಮುಖ್ಯ ಅಡುಗೆಯವನು ನಿಂತಿದ್ದ. "ದೊಡ್ಡಮ್ಮ, ಸುಮ್ನಿರು. ನಾನು ಹೇಳಿ ಆಗಿದೆ."

"ನೀನು ಸುಮ್ನಿರು. ಸುಳ್ಳು ಹೇಳೋಕೆ ಚಿಕ್ಕವನಿದ್ದಾಗಲೂ ನಿನಗೆ ಬರ್ತಿರಲಿಲ್ಲ. ಸಕ್ಕರೆ ಕದ್ದು ಬಾಯಿ ಒರೆಸಿಕೊಳ್ಳದೇ ಬರ್ತಿದ್ದೆ."

ಕಾರ್ಯದರ್ಶಿಯ ಜೊತೆ ಅವನು ಜಗಳವಾಡಿದ್ದು ಫಿನಾಯಿಲ್ ನಿಲ್ಲಿಸಿ, ಉಳಿದ ಅನ್ನವನ್ನು ತಣ್ಣಗಿಟ್ಟು ಹೊರಗೆ ಕಳಿಸಲು ಬಿಡಿ ಎಂದು. ಸಮ್ಮೇಳನ ಮುಗಿಯುವವರೆಗೂ ಆ ಮಾತೆತ್ತಬೇಡ ಎಂದು ಅವರು ಗದರಿದ್ದರು. ಇದನ್ನು ಕಾರ್ಯದರ್ಶಿ ಒಪ್ಪಿಕೊಂಡರು. ಅವರ ಹೇಳಿಕೆಯನ್ನೂ ಗಡಿಯಾರಣ್ಣ ಬರೆದುಕೊಂಡ. ಸಹಿ ಹಾಕುವಾಗ ಅವರ ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತ್ತು.

ಮಧ್ಯಾಹ್ನ ೩.೩೦ಕ್ಕೆ ಆಸ್ಪತ್ರೆಯಿಂದ ಸುದ್ದಿ ಬಂತು. ಮಣ್ಣಿನ ವಿಜ್ಞಾನಿಗೆ ಪ್ರಾಣಾಪಾಯವಿಲ್ಲ, ಎರಡು ಚಮಚ ಗಂಜಿ ಕುಡಿದಿದ್ದಾರೆ. ಕೇಳಿದ ದೊಡ್ಡಮ್ಮ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. ಇನ್‌ಸ್ಪೆಕ್ಟರಮ್ಮನೂ ಒಂದು ಕ್ಷಣ ಕಣ್ಣು ಮುಚ್ಚಿದಳು. ಎಫ್‌ಐಆರ್‌ಗೆ ಸಾವಿನ ಕಲಂ ಸೇರಿಸುವ ಪ್ರಮೇಯ ಬರಲಿಲ್ಲ.

ನಿರ್ಲಕ್ಷ್ಯದಿಂದ ಜೀವಕ್ಕೆ ಅಪಾಯ ತಂದದ್ದು ಮತ್ತು ಸುಳ್ಳು ದಾಖಲೆ ಬರೆದದ್ದು, ಈ ಎರಡು ಆರೋಪದ ಮೇಲೆ ಸಂಜೆ ೪.೪೦ಕ್ಕೆ ದೊಡ್ಡಮ್ಮನ ದಸ್ತಗಿರಿ ಆಯಿತು. ಸಭಾಂಗಣದಲ್ಲಿ ಸಮಾರೋಪದ ಚಪ್ಪಾಳೆ ಬೀಳುವ ಹೊತ್ತಿಗೆ ಜೀಪು ಠಾಣೆ ತಲುಪಿತ್ತು.

ಹೇಳಿಕೆ ಬರೆಯುವಾಗ ಕೊನೆಯ ಪ್ರಶ್ನೆ ಉಳಿಯಿತು.

"ಯಾಕೆ ಮಾಡಿದ್ರಿ?"

ದೊಡ್ಡಮ್ಮ ತನ್ನ ಬಿಳಿಚಿದ ಬೆರಳುಗಳನ್ನು ನೋಡಿಕೊಂಡಳು. "ನನ್ನ ತಂಗಿ, ನಾನು ಸಾಕಿದ ಹುಡುಗನ ತಾಯಿ, ಚಿಕ್ಕವಳಿದ್ದಾಗ ಗೋಡೆ ಸುಣ್ಣ ಕೆರೆದು ತಿಂತಿದ್ಲು. ತಿನ್ನಬೇಡ ಅಂತ ಕೈ ಹಿಡ್ಕೊಳ್ತಿದ್ದವಳು ನಾನು. ಹಿಡ್ಕೊಂಡ ಮೇಲೆ ಆ ಕೈಗೆ ಕೊಡೋಕೆ ನನ್ನ ಹತ್ರ ಇನ್ನೇನೂ ಇರ್ತಿರಲಿಲ್ಲ. ಮೊದಲನೇ ದಿನ ಫಿನಾಯಿಲ್ ಕ್ಯಾನು ಎತ್ತಿದೆ ಮಗಳೇ. ಕೈ ಕೆಳಗೆ ಬರಲಿಲ್ಲ."

ಗಡಿಯಾರಣ್ಣ ಅದನ್ನು ಹೇಳಿದಂತೆಯೇ ಬರೆದ. ಹೊತ್ತು ಹಾಕುವುದನ್ನು ಮರೆತ.

ಇನ್‌ಸ್ಪೆಕ್ಟರಮ್ಮನಿಗೆ ಆಗ ಹಸಿವು ನೆನಪಾಯಿತು. ಬೆಳಿಗ್ಗೆಯ ಡಬ್ಬಿ ಕಿಟಕಿಯ ಬಿಸಿಲಿನಲ್ಲಿ ಮೇಜಿನ ಮೇಲೇ ಇತ್ತು. ಹತ್ತಿರ ಎಳೆದುಕೊಂಡು ಮುಚ್ಚಳ ತೆಗೆದಳು.

"ತಾಳು," ಎಂದಳು ದೊಡ್ಡಮ್ಮ. "ಯಾವಾಗಿಂದು?"

"ಬೆಳಿಗ್ಗೆದು."

ದೊಡ್ಡಮ್ಮ ಡಬ್ಬಿಯನ್ನು ತನ್ನ ಕಡೆ ತಿರುಗಿಸಿ, ಬಗ್ಗಿ, ಕಣ್ಣು ಮುಚ್ಚಿ ಮೂಸಿದಳು. ಮತ್ತೊಮ್ಮೆ ಮೂಸಿದಳು.

"ವಾಸನೆ ಏನೂ ಇಲ್ಲ," ಎಂದಳು. "ಆದ್ರೂ ತಿನ್ನಬೇಡ."

ಅವಳೇ ಎದ್ದು, ಯಾರನ್ನೂ ಕೇಳದೆ, ಡಬ್ಬಿ ಹಿಡಿದು ಮೂಲೆಯ ಕಸದ ಬುಟ್ಟಿಯ ಕಡೆ ಹೋದಳು. ಯಾರೂ ತಡೆಯಲಿಲ್ಲ. ಬುಟ್ಟಿಯ ಮೇಲೆ ಡಬ್ಬಿ ಬಗ್ಗಿಸಿಕೊಂಡು ಅವಳು ಬಹಳ ಹೊತ್ತು ನಿಂತಿದ್ದಳು. ಕೊನೆಗೆ ಅನ್ನ ಬಿದ್ದ ಸದ್ದು ಕೇಳಿಸಿತು.