ಹನಿಯ ಸುತ್ತಲಿನ ಸುಕ್ಕುಗಳು

ಕವನ ಗಾಜಿನ ತಟ್ಟೆಯನ್ನು ನಲ್ಲಿ ನೀರಿನಲ್ಲಿ ಮೂರು ಸಲ ಜಾಲಿಸಿದಳು. ಆಮೇಲೆ ಕ್ಯಾನಿನ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೆರಡು ಸಲ. ಒಳಗೆ ಬೆರಳು ತಾಗದಂತೆ ಅಂಚು ಹಿಡಿದು ಬೋರಲಾಗಿ ಇಟ್ಟಳು. ಸವಳಂಗ ರಸ್ತೆಯ ಆ ಕಾಲೇಜಿನ ಲ್ಯಾಬಿನಲ್ಲಿ ಅವಳ ಕೆಲಸವೇ ಅದು. ಇಪ್ಪತ್ತು ದಿನಗಳಾದ ಮೇಲೆ ಇವತ್ತು ಅದನ್ನು ಸರಿಯಾಗಿ ಮಾಡಿದ್ದಳು.

ಕಿಟಕಿ ಪಕ್ಕ ಹರ್ಷವರ್ಧನ ತಲೆ ತಗ್ಗಿಸಿ ಕೂತಿದ್ದ. ಸಂಶೋಧನೆಗೆಂದು ಮೈಸೂರಿನಿಂದ ಬಂದವನು. ಕೂದಲೆಳೆಗಿಂತ ಸಾವಿರ ಪಾಲು ತೆಳುವಾದ ಪ್ಲಾಸ್ಟಿಕ್ ಪದರವನ್ನು ನೀರಿನ ಮೇಲೆ ತೇಲಿಬಿಟ್ಟು, ಅದರ ನಡುವೆ ಒಂದು ಹನಿ ನೀರು ಇಡುತ್ತಿದ್ದ. ಹನಿಯ ಸುತ್ತ ಕಿರಣಗಳಂತೆ ಸಣ್ಣ ಸುಕ್ಕುಗಳು ಏಳುತ್ತಿದ್ದವು. ಅವನ್ನು ಎಣಿಸುವುದೇ ಅವನ ಸಂಶೋಧನೆ.

"ಸೋಪು ಒಂದು ಚೂರು ಉಳಿದ್ರೂ ಲೆಕ್ಕ ಕೆಡುತ್ತೆ" ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದ.

ಅದೇ ವಾರ ಅವಳು ಹಿಂದಿನಿಂದ ಇಣುಕಿ, ಮೆಲ್ಲಗೆ, "ಎಪ್ಪತ್ತೊಂಬತ್ತು" ಅಂದಳು. ಅವನು ಫೋಟೊ ತೆಗೆದು ಎಣಿಸಿದ. ಎಂಬತ್ತು.

"ಎಷ್ಟನೇ ಕ್ಲಾಸ್ ಓದಿದೀಯ?"

"ಎಂಟು. ಆಮೇಲೆ ಅಮ್ಮಂಗೆ ಹುಷಾರಿರ್ಲಿಲ್ಲ."

"ನಾನು ಇಪ್ಪತ್ತೊಂದು ವರ್ಷ ಓದಿದೀನಿ ಮಾರಾಯ್ತಿ. ನಂಗೆ ಹೀಗೆ ಬರಲ್ಲ."

ಅವನು ನಗುವಾಗ ಎಡಗೆನ್ನೆ ಮೊದಲು ನಗುತ್ತಿತ್ತು, ಬಲಗೆನ್ನೆ ತುಸು ತಡವಾಗಿ. ಕವನ ಅದನ್ನು ನೋಡಿ ಸಿಂಕಿನ ಕಡೆ ತಿರುಗಿಕೊಂಡಳು.

ಅಂದಿನಿಂದ ಪ್ರತಿ ಹನಿಗೂ ಅವಳು ತನ್ನ ಲೆಕ್ಕ ಹೇಳಬೇಕು, ಅವನು ಫೋಟೊದಲ್ಲಿ ಎಣಿಸಿ ತನ್ನದು. ಅವಳದು ಎರಡಕ್ಕಿಂತ ಹೆಚ್ಚು ತಪ್ಪಿದರೆ ಕ್ಯಾಂಟೀನಿನಿಂದ ಟೀ ಅವಳು ತರಬೇಕು, ಇಲ್ಲದಿದ್ದರೆ ಅವನು. ಹೆಚ್ಚು ಸಲ ಅವನೇ ಮೆಟ್ಟಿಲಿಳಿದ. ಸಂಜೆ ಭದ್ರಾವತಿ ಬಸ್ಸಿನಲ್ಲಿ ಕವನ ಕಿಟಕಿಗೆ ತಲೆಯಾನಿಸಿ ಆ ಎರಡು ಕೆನ್ನೆಗಳನ್ನು ನೆನೆಯುತ್ತಿದ್ದಳು. ಎಷ್ಟೋ ಸಲ ಇಳಿಯುವ ಸ್ಟಾಪು ದಾಟಿ ಹೋಗಿತ್ತು.

"ಇನ್ನು ಹತ್ತು ರೀಡಿಂಗ್ ಸಿಕ್ಕಿದ್ರೆ ಮುಗೀತು. ಮೈಸೂರಿಗೆ ಹೊರಡ್ತೀನಿ" ಎಂದು ಒಂದು ದಿನ ಅವನು ಹೇಳಿದ.

ಮರುದಿನ ಅವಳು ಸೋಪು ಹಚ್ಚಿದ ತಟ್ಟೆಯನ್ನು ಒಂದೇ ಸಲ ಜಾಲಿಸಿದಳು. ಎಂಬತ್ತು ಬರಬೇಕಾದಲ್ಲಿ ಅರವತ್ತನಾಲ್ಕು ಬಂತು. ಇನ್ನೊಮ್ಮೆ ಎಪ್ಪತ್ತು. ಅವನು ಉಳಿದ. ಒಂದು ವಾರ, ಎರಡು ವಾರ, ಮೂರನೆಯದೂ.

ಟೀ ಆಟ ನಿಂತಿತು. ಅವನು ಗಡ್ಡ ತೆಗೆಯುವುದನ್ನು ಬಿಟ್ಟ. ನಿನ್ನೆ ಫೋನಿನಲ್ಲಿ ತನ್ನ ಗೈಡ್‌ಗೆ ಹೇಳುತ್ತಿದ್ದ: "ತಪ್ಪು ನನ್ನ ಕೈದೇ ಸಾರ್. ಈ ಕೆಲಸಾನೇ ಬಿಟ್ಬಿಡ್ತೀನಿ."

ಕವನಳಿಗೆ ಅಳು ಬರಲಿಲ್ಲ. ತಣ್ಣೀರಿನಲ್ಲಿ ಬಹಳ ಹೊತ್ತು ಇಟ್ಟ ಕೈಯಂತೆ ಒಳಗೆಲ್ಲ ಮರಗಟ್ಟಿತ್ತು.

ಈಗ ತಟ್ಟೆಯನ್ನು ಅವನ ಮುಂದಿಟ್ಟಳು. ಅವನು ನೀರು ತುಂಬಿ, ಪದರ ತೇಲಿಬಿಟ್ಟು, ಹನಿ ಇಟ್ಟ. ಸುಕ್ಕುಗಳು ಒತ್ತೊತ್ತಾಗಿ, ನೆಟ್ಟಗೆ ಎದ್ದವು.

"ತಪ್ಪು ನಿಮ್ಮ ಕೈದಲ್ಲ ಸಾರ್. ನಾನು ಸೋಪು ಉಳಿಸ್ತಿದ್ದೆ. ಬೇಕಂತಲೇ."

"ಯಾಕೆ?"

"ನೀವು ಹೋಗ್ಬಾರ್ದು ಅಂತ."

ಅವನು ಅವಳನ್ನೇ ನೋಡಿದ. ಯಾವ ಕೆನ್ನೆಯೂ ಅಲುಗಲಿಲ್ಲ.

"ನೀವು ಹೊರಡಿ. ಬಸ್ ತಪ್ಪುತ್ತೆ." ಅವನು ಅವಳನ್ನು ನೀವು ಎಂದದ್ದು ಇದೇ ಮೊದಲು.

ಅವಳು ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋಗಿ ನಿಂತಳು. ಅವನು ಫೋಟೊ ತೆಗೆದ, ತುಟಿಯಲ್ಲೇ ಎಣಿಸಿದ, ಪುಸ್ತಕದಲ್ಲಿ ಬರೆದ.

"ನಾನು ಎಂಬತ್ತೊಂದು ಅಂತೀನಿ" ಅಂದಳು.

ಅವನು ಪೆನ್ನಿನ ಕ್ಯಾಪು ಹಾಕಿದ.

"ನಿಮ್ದು ಎಷ್ಟು ಬಂತು, ಹೇಳಿ ಸಾರ್."