ಆರ್ಡಿಸ್ ಅಜ್ಜಿಯ ರ‍್ಯಾಂಪ್

ಫೋನ್ ಕೆಳಗಿಟ್ಟ ಅಮ್ಮ ಒಲೆಯ ಮುಂದೆ ಹಾಗೇ ನಿಂತುಬಿಟ್ಟಳು. ಕಾವಲಿಯ ಮೇಲಿದ್ದ ಪ್ಯಾನ್‌ಕೇಕ್ ಕಪ್ಪಾಗಿ ಹೊಗೆಯಾಡತೊಡಗಿತು.

"ಅಮ್ಮಾ, ಸೀದುಹೋಗ್ತಿದೆ!" ಎಂದಳು ಬ್ರಿಟಾ.

"ಆಸ್ಪತ್ರೆಯಿಂದ ಫೋನು. ಅಜ್ಜಿ ಹೋಗ್ಬಿಟ್ಲು ಕಣೇ. ಬೆಳಗಿನ ಜಾವ, ನಿದ್ದೇಲೇ."

ಬ್ರಿಟಾ ಎದ್ದು ಒಲೆ ಆರಿಸಿದಳು. ಏನು ಮಾಡಬೇಕೆಂದು ತೋಚದೆ, ಆ ಸೀದ ಪ್ಯಾನ್‌ಕೇಕನ್ನೇ ತಟ್ಟೆಗೆ ಹಾಕಿಕೊಂಡು ಪೂರ್ತಿ ತಿಂದಳು.

ಮಧ್ಯಾಹ್ನದೊಳಗೆ ಸುದ್ದಿ ಮೇಪಲ್ ಬೆಂಡ್ ಊರಿಗೆಲ್ಲ ಹರಡಿತು. ಸಂಜೆಯ ಹೊತ್ತಿಗೆ ನೆರೆಹೊರೆಯವರು ತಂದಿಟ್ಟ ಏಳು ಪಾತ್ರೆಗಳಿಂದ ಮೇಜು ತುಂಬಿತ್ತು. ಏಳರಲ್ಲೂ ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆಯೇ. ಎಂಟನೆಯವರಾಗಿ ಮೇಯರ್ ಹಾಲ್ವರ್ಸನ್ ಬಂದರು. ಅವರ ಕೈಯಲ್ಲಿ ಪಾತ್ರೆ ಇರಲಿಲ್ಲ, ಕರವಸ್ತ್ರವಿತ್ತು.

"ಆರ್ಡಿಸ್ ನಮ್ಮೂರಿನ ಮುತ್ತಾಗಿದ್ರು," ಎಂದು ಅವರು ಕಣ್ಣೊರೆಸಿಕೊಂಡರು. "ಶನಿವಾರ ಟೌನ್ ಹಾಲಲ್ಲೇ ಸ್ಮರಣೆ ಸಭೆ ಇಟ್ಕೊಳ್ಳೋಣ. ಹೊಸಾ ರ‍್ಯಾಂಪಿಗೆ ಅವರ ಹೆಸರೇ ಇಡೋಣ."

ಬ್ರಿಟಾ ಅಮ್ಮನ ಮುಖ ನೋಡಿದಳು. ಈ ಮುತ್ತು ತಮ್ಮನ್ನು ಕಾಣಲು ಬರುತ್ತದೆಂದು ಗೊತ್ತಾದಾಗಲೆಲ್ಲ ಮೇಯರಿಗೆ ಹಲ್ಲುನೋವು ಬರುತ್ತಿತ್ತು.

ಅಜ್ಜಿ ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದವಳು. ಟೌನ್ ಹಾಲಿಗೆ ಒಂಬತ್ತು ಮೆಟ್ಟಿಲು. ನೀರಿನ ತಕರಾರಿಗೂ ಅಲ್ಲಿಗೇ ಹೋಗಬೇಕು, ಮತ ಹಾಕುವುದಕ್ಕೂ ಅಲ್ಲಿಗೇ. ಸಾರ್ವಜನಿಕ ಕಟ್ಟಡಕ್ಕೆ ಎಲ್ಲರೂ ಹೋಗುವಂತಿರಬೇಕು, ಅದು ಕಾನೂನು ಎಂದು ಅಜ್ಜಿ ಆರು ವರ್ಷ ಪತ್ರ ಬರೆದಳು.

ಮೊದಲು ಊರಿನವರು ಬಾಗಿಲ ಪಕ್ಕ ಒಂದು ಕರೆಗಂಟೆ ಹಾಕಿಸಿದರು. 'ಗಾಲಿಕುರ್ಚಿಯವರು ಗಂಟೆ ಒತ್ತಿ' ಎಂದು ಬೋರ್ಡೂ ಬರೆಸಿದರು. ಅದನ್ನು ಒತ್ತಬೇಕಾದರೆ ಒಂಬತ್ತು ಮೆಟ್ಟಿಲು ಹತ್ತಬೇಕಿತ್ತು.

ಆಮೇಲೆ ಮೆಟ್ಟಿಲ ಪಕ್ಕ ಗಾಲಿಕುರ್ಚಿ ಹತ್ತಲು ಇಳಿಜಾರಾದ ಒಂದು ರ‍್ಯಾಂಪ್ ಕಟ್ಟಿದರು. ಅದನ್ನು ಕಂಡು ಮಕ್ಕಳು ಕುಣಿದಾಡಿದರು. ಚಳಿಗಾಲವಿಡೀ ಹಿಮದಲ್ಲಿ ಜಾರುವ ಹಲಗೆಗಳನ್ನು ತಂದು ಅಲ್ಲೇ ಆಡಿದರು.

"ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ ಇರ್ಬೇಕು, ಮೇಯರ್ ಸಾಹೇಬ್ರೇ," ಎಂದಿದ್ದಳು ಅಜ್ಜಿ. "ಇದು ದಾರಿ ಅಲ್ಲ, ಜಾರುಬಂಡೆ. ಇದರ ಮೇಲಿಂದ ನಾನು ಹೊರಟ್ರೆ ಪಕ್ಕದೂರಲ್ಲೇ ನಿಲ್ಲೋದು."

ಅದನ್ನು ಒಡೆದು ಮತ್ತೆ ಕಟ್ಟಿದರು. ಸರಿಯಾದ ರ‍್ಯಾಂಪ್ ಮುಗಿದದ್ದು ಹೋದ ವಾರ. ಆಗ ಅಜ್ಜಿ ಆಸ್ಪತ್ರೆಯಲ್ಲಿದ್ದಳು.

ಶನಿವಾರ ಊರೆಲ್ಲ ಬಂತು. ಒಂಬತ್ತು ಮೆಟ್ಟಿಲು ಹತ್ತಿಯೇ ಬಂತು. ಮೇಯರ್ ಮೈಕ್ ಹಿಡಿದರು. ಬ್ರಿಟಾ ಅತ್ತ ಇತ್ತ ನೋಡಿದಳು. ಎಲ್ರಾಯ್ ತಾತ ಎಲ್ಲಿ? ತಾತ ಅಜ್ಜಿಯ ಗೆಳೆಯರು, ಅವರದ್ದೂ ಗಾಲಿಕುರ್ಚಿಯೇ. ಕೊನೆಯ ಪ್ರಾರ್ಥನೆ ಅವರೇ ಹೇಳಬೇಕಿತ್ತು.

ಅವಳು ಮೆಲ್ಲನೆ ಹೊರಗೆ ಬಂದಳು.

ರ‍್ಯಾಂಪಿನ ಬುಡದಲ್ಲಿ ಈ ಕಂಬಿಯಿಂದ ಆ ಕಂಬಿಗೆ ಕೆಂಪು ರಿಬ್ಬನ್ ಕಟ್ಟಿತ್ತು. ನಡುವೆ ಎಲೆಕೋಸಿನಷ್ಟು ದೊಡ್ಡ ಹೂಗಂಟು. ರಿಬ್ಬನ್ನಿನ ಆಚೆ ಎಲ್ರಾಯ್ ತಾತ ಕುಳಿತಿದ್ದರು. ಅವರ ಟೊಪ್ಪಿಗೆಯ ಮೇಲೆ ಹಿಮ ಬಿದ್ದಿತ್ತು. ಈಚೆ ಆಫೀಸಿನ ಮಿಸೆಸ್ ಪ್ರೂಯಿಟ್, ಮೆತ್ತೆಯ ಮೇಲೆ ಬಂಗಾರದ ಬಣ್ಣದ ಕತ್ತರಿ ಇಟ್ಟುಕೊಂಡು ಕಾವಲು ನಿಂತಿದ್ದರು.

"ಇಲ್ಯಾಕಿದೀರ ತಾತ?"

"ರ‍್ಯಾಂಪ್ ಇನ್ನೂ ಹುಟ್ಟಿಲ್ವಂತೆ ಪುಟ್ಟಿ. ಭಾಷಣ ಮುಗಿದ್ಮೇಲೆ ಹುಟ್ಟುತ್ತಂತೆ."

"ಆಮೇಲೆ ಮೇಯರ್ ಬಂದು ರಿಬ್ಬನ್ ಕತ್ತರಿಸ್ತಾರೆ, ಫೋಟೋ ತೆಗೀತಾರೆ," ಎಂದರು ಮಿಸೆಸ್ ಪ್ರೂಯಿಟ್. "ಅಲ್ಲೀವರೆಗೂ ಯಾರೂ ಹತ್ತೋ ಹಾಗಿಲ್ಲ. ಬೇಕಾದ್ರೆ ನಾಲ್ಕು ಜನ ಗಟ್ಟಿಗರನ್ನ ಕರೀತೀನಿ, ಮೆಟ್ಟಿಲ ಮೇಲೆ ಎತ್ಕೊಂಡು ಹೋಗ್ಲಿ."

"ನಾನೇನು ಸೋಫಾನಾ?" ಎಂದರು ತಾತ.

"ಮತ್ತೆ ಪ್ರಾರ್ಥನೆ?" ಎಂದಳು ಬ್ರಿಟಾ.

"ಮೇಯರೇ ಹೇಳ್ತಾರೆ ಬಿಡು. ಅವರಿಗೆ ಎಲ್ಲಾ ಬರುತ್ತೆ," ಎಂದರು ಮಿಸೆಸ್ ಪ್ರೂಯಿಟ್.

ತಾತ ತಮ್ಮ ಕೈಗವಸನ್ನು ನೋಡುತ್ತ ಕುಳಿತರು. "ನಿಮ್ಮಜ್ಜಿ ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು ಕೇಳಿದ್ಲು. 'ನನಗೆ ಪ್ರಾರ್ಥನೆ ನೀನೇ ಹೇಳು ಎಲ್ರಾಯ್, ಆ ಟೌನ್ ಹಾಲಿನ ಒಳಗೇ ಹೇಳು' ಅಂತ. ಹೂಂ ಅಂದಿದ್ದೆ."

ಒಳಗಿನಿಂದ ಮೈಕಿನ ದನಿ ಕೇಳಿಸಿತು: "ಆರ್ಡಿಸ್ ದಯದಿಂದ ಇವತ್ತು ನಮ್ಮ ಬಾಗಿಲು ಪ್ರತಿಯೊಬ್ಬರಿಗೂ ತೆರೆದಿದೆ!" ಚಪ್ಪಾಳೆಯೋ ಚಪ್ಪಾಳೆ.

ಬ್ರಿಟಾ ಮೆತ್ತೆಯ ಮೇಲಿನ ಕತ್ತರಿಯನ್ನು ಎತ್ತಿಕೊಂಡಳು.

"ಏ ಹುಡುಗಿ! ಅದು ಮೇಯರ್ ಕತ್ತರಿ!"

ಅವಳು ರಿಬ್ಬನ್ನಿಗೆ ಕತ್ತರಿ ಹಾಕಿದಳು. ಒಂದು ಸಲ ಒತ್ತಿದಳು, ಎರಡು ಸಲ ಒತ್ತಿದಳು. ರಿಬ್ಬನ್ ಬರೀ ಮಡಚಿಕೊಂಡಿತು. ಫೋಟೋಗೆಂದು ತಂದ ಕತ್ತರಿ, ಅದಕ್ಕೆ ಹರಿತವೇ ಇರಲಿಲ್ಲ. ಬ್ರಿಟಾ ಅದನ್ನು ಮತ್ತೆ ಮೆತ್ತೆಯ ಮೇಲಿಟ್ಟು, ಹೂಗಂಟಿನ ಒಂದು ತುದಿ ಹಿಡಿದು ಎಳೆದಳು. ಸರ್ರನೆ ಬಿಚ್ಚಿಕೊಂಡಿತು.

"ಅಯ್ಯೋ, ಫೋಟೋ!" ಎಂದರು ಮಿಸೆಸ್ ಪ್ರೂಯಿಟ್.

ಬ್ರಿಟಾ ರೂಢಿಯಂತೆ ಕುರ್ಚಿಯ ಹಿಂದೆ ಹೋಗಿ ಹಿಡಿಗೆ ಕೈ ಹಾಕಿದಳು.

"ಬೇಡ ಪುಟ್ಟಿ," ಎಂದರು ತಾತ. "ನಾನೇ ಹತ್ತೋ ಹಾಗೆ ಕಟ್ಟಿಸಿದಾಳೆ ನಿಮ್ಮಜ್ಜಿ."

ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು ಅವಳು ಪಕ್ಕದಲ್ಲಿ ನಡೆದಳು. ಅಜ್ಜಿಯೊಡನೆ ಎಲ್ಲಿಗೆ ಹೋದರೂ ಬ್ರಿಟಾ ಹಿಂದಿನಿಂದ ತಳ್ಳಿದವಳು. ಅಜ್ಜಿಯ ಬಿಳಿ ತುರುಬನ್ನಷ್ಟೇ ನೋಡಿದವಳು. ಈಗ ಪಕ್ಕಕ್ಕೆ ತಿರುಗಿದರೆ ತಾತನ ಮುಖ ಕಂಡಿತು. ಒಂದೊಂದು ಸಲ ಗಾಲಿ ತಿರುಗಿಸಿದಾಗಲೂ ಅವರ ತಲೆ ಒಂದಿಷ್ಟು ಮೇಲೇಳುತ್ತಿತ್ತು. ಅವರು ಅಳುತ್ತಲೂ ಇದ್ದರು, ನಗುತ್ತಲೂ ಇದ್ದರು. ಅಜ್ಜಿ ಇಲ್ಲಿ ಹತ್ತಿ ಬಂದಿದ್ದರೆ ಅವಳ ಮುಖ ಹೇಗಿರುತ್ತಿತ್ತೆಂದು ಬ್ರಿಟಾಗೆ ತಿಳಿಯಿತು.

ಬಾಗಿಲು ತೆರೆದಾಗ ಮೇಯರ್ ಅರ್ಧ ಮಾತಿನಲ್ಲೇ ನಿಂತರು. ಎಲ್ರಾಯ್ ತಾತ ಸಾಲುಗಳ ನಡುವೆ ಸಾಗಿ ಅಜ್ಜಿಯ ಫೋಟೋದ ಮುಂದೆ ಬಂದರು. ಟೊಪ್ಪಿಗೆ ತೆಗೆದರು. ಮೈಕ್ ಯಾರೂ ಕೊಡಲಿಲ್ಲ, ಅವರು ಕೇಳಲೂ ಇಲ್ಲ.

"ಕರ್ತನೇ," ಎಂದರು. "ನಿನ್ನ ಮಗಳು ಆರ್ಡಿಸ್ ಬಾಗಿಲಾಚೆ ಬಹಳ ವರ್ಷ ಕಾದಿದ್ದಾಳೆ. ನಿನ್ನ ಮನೆಯ ಬಾಗಿಲಲ್ಲಿ ಅವಳನ್ನು ಕಾಯಿಸಬೇಡ. ಅವಳಿಗೆ ಶಾಂತಿ ಕೊಡು. ನಿನ್ನ ಬೆಳಕಿನಲ್ಲಿ ಇಟ್ಟುಕೋ. ಆಮೆನ್."