ಕೆಂಪು ಗೆರೆ ಬೀಳದ ವಾಕ್ಯ

ಏಪ್ರಿಲ್ 9ರ ಬೆಳಿಗ್ಗೆ ಕೊರಿಯಾದ ಗೊಜೆ ದ್ವೀಪದ ಪೊಲೀಸ್ ಠಾಣೆಗೆ ದೂರು ಬಂತು. ಹಡಗು ಕಟ್ಟುವ ಕಾರ್ಖಾನೆಯಲ್ಲಿ ಬಿರುಗಾಳಿಗೆ ಕ್ರೇನಿನ ಹೊರೆ ತೂಗಾಡಿ, ಫಿಲಿಪೀನ್ಸ್‌ನ ಕೆಲಸಗಾರ ರೊಮೆಲ್‌ನ ಕಾಲು ಜಜ್ಜಿಹೋಗಿತ್ತು. ಸುರಕ್ಷತಾ ಕೈಪಿಡಿಯ ಕೊರಿಯನ್ ಭಾಗದಲ್ಲಿ 'ಗಾಳಿ ಜೋರಾದರೆ ಕ್ರೇನ್ ನಿಲ್ಲಿಸಿ' ಎಂದಿತ್ತು. ಇಂಗ್ಲಿಷ್ ಭಾಗದಲ್ಲಿ 'ಮೇಲಿನವರು ಒಪ್ಪಿದರೆ ಮುಂದುವರಿಸಿ' ಎಂದಿತ್ತು. ದೂರು ಕೊಟ್ಟ ವಿಭಾಗ ಮುಖ್ಯಸ್ಥ ಮಾ, ಅನುವಾದಕಿ ಪ್ಯೋ ಸುನ್-ಎ ಕಡೆ ಬೊಟ್ಟು ಮಾಡಿದ. ಎಫ್‌ಐಆರ್‌ನಲ್ಲಿ ಅವಳ ಹೆಸರೇ ಬಿತ್ತು.

ಇನ್ಸ್‌ಪೆಕ್ಟರ್ ಬಿನ್ ಹೀ-ಜಂಗ್‌ಗೆ ದೂರು ಕೊಟ್ಟವನ ಅವಸರ ಹಿಡಿಸಲಿಲ್ಲ. ಅವಳು ಪ್ಯೋಳನ್ನು ಎದುರಿಗೆ ಕೂರಿಸಿಕೊಂಡಳು.

"ಈ ವಾಕ್ಯ ನಿಮ್ದಾ?"

"ನನ್ನಾಣೆಗೂ ಅಲ್ಲ ಮೇಡಂ. ನಾನು ಮುಗಿಸಿ ಕಳಿಸ್ದೆ. ಅಚ್ಚಿಗೆ ಕೊಟ್ಟಿದ್ದು ಮಾ ಸಾರ್."

"ಕೆಲ್ಸ ಹೆಂಗೆ ಮಾಡ್ತೀರಿ, ತೋರ್ಸಿ."

ಪ್ಯೋ ತೋರಿಸಿದಳು. ಪ್ರತಿ ಪ್ಯಾರಾಕ್ಕೂ ಅದರ ಭಾಷೆ ಯಾವುದೆಂದು ಕಂಪ್ಯೂಟರಿಗೆ ಹೇಳಿಡುತ್ತಿದ್ದಳು: ಇಲ್ಲಿ ಕೊರಿಯನ್, ಇಲ್ಲಿ ಅಮೆರಿಕದ ಇಂಗ್ಲಿಷ್. "ಇಲ್ದಿದ್ರೆ ಸರಿಯಾದ ಪದಕ್ಕೂ ತಪ್ಪು ಅಂತ ಪುಟದ ತುಂಬಾ ಕೆಂಪು ಗೆರೆ ಮೇಡಂ. ನಿಜವಾದ ತಪ್ಪು ಯಾವ್ದು ಅಂತ್ಲೇ ತಿಳಿಯಲ್ಲ."

ಅಚ್ಚಿಗೆ ಹೋದ ಕಡತವನ್ನು ಬಿನ್ ತರಿಸಿದಳು. ಒಂದೊಂದೇ ಪ್ಯಾರಾದ ಮೇಲೆ ಕ್ಲಿಕ್ ಮಾಡುತ್ತ ಹೋದಳು. ಪರದೆಯ ಕೆಳಗೆ ಭಾಷೆಯ ಹೆಸರು ಕಾಣುತ್ತಿತ್ತು. ಕೊರಿಯನ್. ಅಮೆರಿಕದ ಇಂಗ್ಲಿಷ್. ಗಾಳಿಯ ವಾಕ್ಯಕ್ಕೆ ಬಂದಾಗ ಆಸ್ಟ್ರೇಲಿಯಾದ ಇಂಗ್ಲಿಷ್! ಆ ಇಂಗ್ಲಿಷಿಗೆ ಹೊಂದಿಸಿಟ್ಟ ಬೇರೆ ಯಾರದೋ ಕಂಪ್ಯೂಟರಿನಲ್ಲಿ ಬರೆದು ತಂದು ಅಂಟಿಸಿದ ವಾಕ್ಯ ಅದು.

"ನಮ್ಮೂರಿಗೆ ಕಾಂಗರೂ ಎಲ್ಲಿಂದ ಬಂತು ಮೇಡಂ?" ಎಂದ ಕಾನ್‌ಸ್ಟೇಬಲ್ ಗುಕ್.

"ನಡೀ, ಹಿಡಿಯೋಣ."

ಕಾರ್ಖಾನೆಯ ಕಚೇರಿಯಲ್ಲಿ ಅವರನ್ನು ಕಂಡು ಮಾ ಕುರ್ಚಿಯಿಂದ ಏಳಲೂ ಇಲ್ಲ. "ನಾನು ಕೀಬೋರ್ಡ್ ಮುಟ್ಟೋನಾ? ಟೈಪ್ ಮಾಡೋಕೆ ಕಿರಿಯರಿದ್ದಾರೆ."

ಮಾತು ಸುಳ್ಳಲ್ಲ. ಅಲ್ಲಿ ಮುಖ್ಯಸ್ಥರು ಬೆರಳಾಡಿಸುವ ಪದ್ಧತಿಯೇ ಇಲ್ಲ. ಆದರೆ ಇಂಥ ವಾಕ್ಯವನ್ನು ಕಿರಿಯರ ಕೈಲಿ ಬರೆಸುವ ಹಾಗಿರಲಿಲ್ಲ. ಬಿನ್ ಮೇಜಿನ ಮೇಲಿದ್ದ, ಪದವಿಯ ಗೌನು ತೊಟ್ಟ ಹುಡುಗಿಯ ಫೋಟೊ ನೋಡಿದಳು.

"ಮಗಳಾ ಸಾರ್? ಎಲ್ಲಿ ಓದಿದ್ದು?"

"ಸಿಡ್ನಿಯಲ್ಲಿ," ಮಾ ಎದೆಯುಬ್ಬಿಸಿದ.

"ಅವ್ಳು ಅಲ್ಲಿ ಬಳಸ್ತಿದ್ದ ಲ್ಯಾಪ್‌ಟಾಪ್ ಈಗ ಯಾರ ಹತ್ರ ಇದೆ?"

ಅವನ ಮುಖ ಕಪ್ಪಿಟ್ಟಿತು.

ಅವನ ಮನೆಯಲ್ಲಿ ಪಂಚನಾಮೆ ಮಾಡಿ ಲ್ಯಾಪ್‌ಟಾಪ್ ವಶಪಡಿಸಿಕೊಂಡರು. ಅದರಲ್ಲಿ ಆ ವಾಕ್ಯದ ಕರಡು ಹಾಗೇ ಇತ್ತು.

"ಇಂಗ್ಲಿಷ್ ಮಾತ್ರ ಯಾಕೆ ಬದ್ಲಾಯ್ಸಿದ್ರಿ?"

"ಕೊರಿಯನ್ ಮುಟ್ಟಿದ್ರೆ ಯೂನಿಯನ್‌ನೋರು ಬಿಡ್ತಿದ್ರಾ? ಹೊರಗಿನೋರ ಪರ ಯಾರು ಕೇಳ್ತಾರೆ ಅಂದ್ಕೊಂಡೆ."

ಗುಕ್ ಕೋಳ ತೊಡಿಸಿದ. ಮಾ ಜೊತೆ ಕೆಲಸಕ್ಕೆ ಸೇರಿದವರೆಲ್ಲ ಆಗಲೇ ನಿರ್ದೇಶಕರಾಗಿದ್ದರು. ಗಾಳಿಗೆ ಕೆಲಸ ನಿಲ್ಲದೆ ಹಡಗು ಹೇಳಿದ ದಿನಕ್ಕೆ ನೀರಿಗಿಳಿದರೆ ಅವನ ಸರದಿ. ಮೇಜಿನ ಡ್ರಾಯರಿನಲ್ಲಿ 'ನಿರ್ದೇಶಕ ಮಾ' ಎಂದು ಕೆತ್ತಿಸಿಟ್ಟ ಹೊಸ ನಾಮಫಲಕ ಸಿಕ್ಕಿತು.

ಸಂಜೆ ಠಾಣೆಯ ಮೆಟ್ಟಿಲ ಮೇಲೆ ಗುಕ್, ಸೆರೆಮನೆಯಿಂದ ಬಿಡುಗಡೆಯಾದವರಿಗೆ ಅಲ್ಲಿಯ ರೂಢಿಯಂತೆ ಕೊಡುವ ಹಾಗೆ, ಪ್ಯೋಳ ಕೈಗೆ ಸೋಯಾ ಪನೀರಿನ, ಅಂದರೆ ತೋಫುವಿನ, ದೊಡ್ಡ ಗಡ್ಡೆ ಇಟ್ಟ.

"ನಾನು ಜೈಲಿಗೇ ಹೋಗ್ಲಿಲ್ವಲ್ಲೋ ಮಾರಾಯ!"

"ತಿನ್ನಿ ಅಕ್ಕಾ, ಮುಂದಕ್ಕೂ ಹೋಗೋದು ಬೇಡ."

ಅವಳು ನಗುತ್ತ, ಅಳುತ್ತ ಪೂರ್ತಿ ತಿಂದಳು. ಆಮೇಲೆ ಕಾರ್ಖಾನೆಗೆ ಹೋಗಿ ತನ್ನ ವಾಕ್ಯವನ್ನು ಅದರ ಜಾಗದಲ್ಲಿ ಮತ್ತೆ ಕೂರಿಸಿದಳು.

ಮರುದಿನ ಮತ್ತೆ ಗಾಳಿ ಎದ್ದಿತು. ರೊಮೆಲ್‌ನ ಗೆಳೆಯರು ಹೊಸ ಪುಟವನ್ನು ಎತ್ತಿ ತೋರಿಸಿ, ಯಾರನ್ನೂ ಕೇಳದೆ ಕ್ರೇನ್ ನಿಲ್ಲಿಸಿದರು.